ಕಾವಲು ಬೇಡುವ ಪೆಟ್ಟಿಗೆ

ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಮೂರು ಲಿನಕ್ಸ್ ಸರ್ವರ್‌ಗಳಿದ್ದವು. ಆ ಮೂರರ ಹೊಟ್ಟೆಯೊಳಗೆ ಬರೀ ಸಾಫ್ಟ್‌ವೇರಿನಿಂದ ಕಟ್ಟಿದ, ಕಣ್ಣಿಗೆ ಕಾಣದ ಇಪ್ಪತ್ತು ಕಂಪ್ಯೂಟರ್‌ಗಳು ಓಡುತ್ತಿದ್ದವು. ಒಂದು ರೋಗಿಗಳಿಗೆ ಚೀಟಿ ಕೊಡುತ್ತಿತ್ತು, ಒಂದು ರಕ್ತಪರೀಕ್ಷೆಯ ವರದಿ ಕಳಿಸುತ್ತಿತ್ತು, ಮತ್ತೊಂದು ಎಕ್ಸ್-ರೇ ತೋರಿಸುತ್ತಿತ್ತು. ಇವನ್ನೆಲ್ಲ ನೋಡಿಕೊಳ್ಳುವವನು ಜಿನ್ನಪ್ಪ. ಐವತ್ತು ದಾಟಿದ ಒಂಟಿ ಮನುಷ್ಯ. ತನ್ನವರು ಅಂತ ಇದ್ದದ್ದು ದಾಂಡೇಲಿಯ ಅಕ್ಕ ಒಬ್ಬಳೇ.

ಮೂರೂ ಸರ್ವರ್‌ಗಳಿಗೆ ಸೇರಿ ಮಾಹಿತಿ ಇಡುವ ಒಂದು ಉಗ್ರಾಣ ಬೇಕಾಯಿತು. ನೆಟ್‌ವರ್ಕ್ ನೋಡಿಕೊಳ್ಳುವ ಜುಬೇದಾ ಹೇಳಿದಳು: "ಅಣ್ಣಾರ, ಮೂರೂ ಸರ್ವರಿನ್ಯಾಗ ಡಿಸ್ಕ್ ಹಾಕೋಣು. ಎಲ್ಲಾದ್ದಕ್ಕೂ ಮೂರು ಪ್ರತಿ, ಮೂರು ಕಡೆ. ಒಂದು ಬಿದ್ರ ಎರಡು ನಡಸ್ತಾವ."

"ಮೂರು ಕಡೆ ಚೆಲ್ಲಿದ್ದನ್ನ ಕಾಯೋರು ಯಾರವ್ವಾ? ಎಲ್ಲಾ ಡಿಸ್ಕೂ ಇರೋ ಒಂದ ದೊಡ್ಡ ಪೆಟ್ಟಿಗಿ ತರೋಣು," ಎಂದ ಜಿನ್ನಪ್ಪ. " ನನ್ನ ಕಣ್ಣ ಮುಂದ ಇರ್ತದ."

"ಕಾಯೋದು ತಪ್ಪಲಿ ಅಂತನ ಮೂರು ಕಡೆ ಇಡೋದ್ರೀ!"

ಜಿನ್ನಪ್ಪ ಕೇಳಲಿಲ್ಲ. ಪೆಟ್ಟಿಗೆ ಬಂತು, ಕುಂಕುಮ ಹಚ್ಚಿಸಿಕೊಂಡಿತು, ಮೂಲೆಯಲ್ಲಿ ಗುಂಯ್‌ಗುಡುತ್ತ ಕೂತಿತು. ಅಂದಿನಿಂದ ಜಿನ್ನಪ್ಪನೂ ಅದರ ಪಕ್ಕದಲ್ಲೇ ಕೂತ. ಅದು ಕೆಟ್ಟರೆ ಎಲ್ಲವೂ ಕೆಟ್ಟಂತೆ. ಬಿಟ್ಟು ಹೋಗುವುದು ಹೇಗೆ? ಊಟದ ಡಬ್ಬಿ ಅಲ್ಲಿಗೇ ಬಂತು. ಮಾತಿಗೆ ಫ್ಯಾನಿನ ಸದ್ದೊಂದೇ.

ಅಕ್ಕ ಫೋನ್ ಮಾಡುತ್ತಿದ್ದಳು. "ಮೈಯಾಗ ನೆಟ್ಟಗಿಲ್ಲೋ ತಮ್ಮಾ. ಒಮ್ಮೆ ಬಂದು ಮಾರಿ ತೋರಿಸಿ ಹೋಗು. ಭಾಳ ದೂರೇನು, ಎರಡು-ಮೂರು ತಾಸಿನ ದಾರಿ."

"ಬರೋ ವಾರ ಬರ್ತೀನಕ್ಕಾ."

ಆ ವಾರ ಎರಡು ವರ್ಷ ಬರಲಿಲ್ಲ.

ಒಂದು ಸೋಮವಾರ ಹತ್ತು ಗಂಟೆಗೆ ಪೆಟ್ಟಿಗೆಯೊಳಗಿನ ಒಂದು ಬೋರ್ಡ್ ಸುಟ್ಟುಹೋಯಿತು. ಮೂರು ಸರ್ವರ್‌ಗಳೂ ಗಟ್ಟಿಮುಟ್ಟಾಗಿದ್ದವು. ಆದರೆ ಬಡಿಸುವವರೇ ಇಲ್ಲದ ಪಂಕ್ತಿಯಲ್ಲಿ ಕೂತ ನೆಂಟರಂತೆ ಸುಮ್ಮನೆ ಕೂತವು. ಹೊರಗೆ ರೋಗಿಗಳ ಸಾಲು ರಸ್ತೆಗೆ ಬಂತು. ಹೊಸ ಬೋರ್ಡ್ ಪುಣೆಯಿಂದ ಬರಲು ಎರಡು ದಿನ ಹಿಡಿಯಿತು. ಆ ಎರಡು ದಿನದಲ್ಲಿ ದಾಂಡೇಲಿಯಿಂದ ಐದು ಸಲ ಫೋನ್ ಬಂತು. ಜಿನ್ನಪ್ಪ ಎತ್ತಲಿಲ್ಲ. ಎಲ್ಲ ಸರಿಹೋದ ಮೇಲೆ ತಾನೇ ಮಾಡಿದ. ಎತ್ತಿದವರು ಅಕ್ಕನ ಪಕ್ಕದ ಮನೆಯವರು.

"ನಿನ್ನೇನ ಮಣ್ಣು ಮಾಡಿದಿವ್ರಿ. ನಿಮ್ಮ ದಾರಿ ಭಾಳ ನೋಡಿದಿವಿ."

ಅಕ್ಕ ತೀರಿದ ಸುದ್ದಿ ಆಸ್ಪತ್ರೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಜಿನ್ನಪ್ಪ ಜುಬೇದಾಳನ್ನು ಕರೆದು, ಅವಳು ಹೇಳಿದಂತೆ ಮೂರು ಕಡೆ ಮೂರು ಪ್ರತಿ ಇಟ್ಟ. ಕೀಲಿ, ಪಾಸ್‌ವರ್ಡ್ ಅವಳಿಗೂ ಕೊಟ್ಟ. ತಿಂಗಳೊಳಗೆ ಒಂದು ಸರ್ವರ್ ನಿಂತೇಹೋಯಿತು. ಅವನು ಎದ್ದು ಓಡಿ ಬರುವಷ್ಟರಲ್ಲಿ ಉಳಿದೆರಡು ಅದರ ಕೆಲಸ ಎತ್ತಿಕೊಂಡಿದ್ದವು. ಹೊರಗೆ ಸಾಲಿನಲ್ಲಿ ನಿಂತವರು ತಲೆ ಕೂಡ ಎತ್ತಲಿಲ್ಲ.

ಜುಬೇದಾ ನಕ್ಕಳು. "ನಾ ಅದೀನಲ್ಲರೀ ಅಣ್ಣಾರ. ನಾಕು ದಿನ ಎಲ್ಲಿಗ್ಯಾರ ಹೋಗಿ ಬರ್ರಿ."

ಜಿನ್ನಪ್ಪ ಬಸ್ ನಿಲ್ದಾಣಕ್ಕೆ ಹೋದ. ದಾಂಡೇಲಿ ಬಸ್ಸು ಬಂತು. "ಹತ್ತತೀರೇನ್ರೀ ಯಜಮಾನ್ರ?" ಎಂದ ಕಂಡಕ್ಟರ್. ಜಿನ್ನಪ್ಪ ಒಂದು ಹೆಜ್ಜೆ ಹಿಂದೆ ಸರಿದು, ಹಿಂದಿದ್ದವರಿಗೆ ದಾರಿ ಬಿಟ್ಟ.

ನೀತಿ: ತಾನಿಲ್ಲದೆ ನಡೆಯದಂತೆ ಕೆಲಸ ಕಟ್ಟಿದವನು ಆ ಕೆಲಸಕ್ಕೇ ಕಟ್ಟುಬೀಳುತ್ತಾನೆ. ಭಾರವನ್ನು ಮೊದಲೇ ಹಂಚಿಕೊಳ್ಳಿ. ದಾರಿ ನೋಡುವವರು ಇರುವಾಗಲೇ ಹೊರಡಿ.