ಸೊಳ್ಳೆಗೆ ದನಿ ಬಂದ ಸಂಜೆ

ಆಗಿನ್ನೂ ನೆಲದ ಹಸಿ ಆರಿರಲಿಲ್ಲ, ನದಿಗಳು ತಮ್ಮ ದಾರಿ ಹುಡುಕುತ್ತಿದ್ದವು. ಆ ಕಾಲದಲ್ಲಿ ಸೊಳ್ಳೆಗೆ ದನಿಯೇ ಇರಲಿಲ್ಲ. ಸದ್ದಿಲ್ಲದೆ ಬರುತ್ತಿತ್ತು, ಸದ್ದಿಲ್ಲದೆ ಕಚ್ಚುತ್ತಿತ್ತು, ಸದ್ದಿಲ್ಲದೆ ಹೋಗುತ್ತಿತ್ತು.

ನದಿದಂಡೆಯ ಕೇರಿಯಲ್ಲಿ ನೀಲವ್ವ ಮೀನಿನ ಬಲೆ ಹೆಣೆಯುತ್ತಿದ್ದಳು. ಆ ವರ್ಷ ಮಳೆ ನಿಂತದ್ದೇ ತಡ, ಕೇರಿಗೆ ಚಳಿಜ್ವರ ಬಂತು. ಕಂಬಳಿ ಹೊದ್ದರೂ ಗಡಗಡ, ಒಲೆ ಮುಂದೆ ಕೂತರೂ ಗಡಗಡ! ನೀಲವ್ವನ ತಂಗಿ ಸೋಮಿ ತುಂಬು ಬಸುರಿ. ಅವಳ ಗಂಡನೂ ಹಾಸಿಗೆ ಹಿಡಿದ.

"ಅಕ್ಕಾ, ನನಗೂ ಬಂದರೆ ಹೊಟ್ಟೆಯಲ್ಲಿರೋ ಕೂಸಿನ ಗತಿ ಏನೇ?" ಎಂದಳು ಸೋಮಿ.

ನೀಲವ್ವ ನೀರಿಗೆ ಹೋದಾಗ ಕಪ್ಪೆ ಅವಳನ್ನು ಕೂಗಿತು. "ನೀಲವ್ವಾ, ನಾನು ಕಣ್ಣಾರೆ ಕಂಡೆ! ಜ್ವರ ಬಂದವರನ್ನು ಕಚ್ಚಿದ ಸೊಳ್ಳೆಯೇ ಕೆಲವು ದಿನ ಬಿಟ್ಟು ಇನ್ನೊಬ್ಬರನ್ನು ಕಚ್ಚುತ್ತದೆ. ಆಮೇಲೆ ಅವರಿಗೂ ಜ್ವರ!"

ನೀಲವ್ವ ಓಡಿದಳು. ತಂಗಿಯ ಚಾಪೆಯ ಸುತ್ತ ಮೀನಿನ ಬಲೆ ಇಳಿಬಿಟ್ಟಳು. ಸೊಳ್ಳೆ ಬಂತು, ತೂತಿನಲ್ಲಿ ಸಲೀಸಾಗಿ ನುಸುಳಿತು. ಅದು ಕೂರುವಷ್ಟರಲ್ಲಿ ಚಟಾರ್! ಹೊಡೆದು ಬೀಳಿಸಿದಳು. ಬಲೆ ತೆಗೆದು ಕಂಬಳಿ ಕಟ್ಟಿದಳು. ಸೋಮಿಗೆ ಉಸಿರುಗಟ್ಟಿತು.

"ನನ್ನನ್ನು ಒಳಗೆ ಬಿಡವ್ವಾ!" ಎಂದಿತು ಹೊರಗಿದ್ದ ಗಾಳಿ.

"ನಿನ್ನನ್ನು ಬಿಟ್ಟರೆ ಸೊಳ್ಳೆಯೂ ಬರುತ್ತದಲ್ಲ!"

"ನಾನು ಸೊಳ್ಳೆಗಿಂತ ತೆಳ್ಳಗಿದ್ದೇನೆ. ಸಾಸಿವೆಗಿಂತ ಸಣ್ಣ ತೂತಿದ್ದರೂ ತೂರಿ ಬರುತ್ತೇನೆ."

ನೀಲವ್ವ ಕುಣಿದುಬಿಟ್ಟಳು! ಬೆಳಗಾಗುತ್ತಲೇ ಕೇರಿಯ ಹೆಂಗಸರನ್ನೆಲ್ಲ ಕರೆದಳು. ಒಬ್ಬರು ಹತ್ತಿ ಬಿಡಿಸಿದರು, ಒಬ್ಬರು ನೂಲು ತೆಗೆದರು. ನೀಲವ್ವ ಹೆಣೆದಳು, ಹೆಣೆದಳು, ಬೆರಳಿಗೆ ಬೊಬ್ಬೆ ಬಂದರೂ ಹೆಣೆದಳು. ಸೂರ್ಯ ಮುಳುಗುವ ಹೊತ್ತಿಗೆ ಪರದೆ ಸಿದ್ಧ! ತಂಗಿಯ ಸುತ್ತ ಕಟ್ಟಿ, ಅಂಚನ್ನು ಚಾಪೆಯಡಿ ಸಿಕ್ಕಿಸಿದಳು. ಗಾಳಿ ತಣ್ಣಗೆ ಒಳಗೆ ಹೋಯಿತು.

ಇನ್ನೊಂದು ಸೊಳ್ಳೆ ಬಂತು. ಢಿಕ್ಕಿ! ಆ ಕಡೆ ಹೋಯಿತು. ಢಿಕ್ಕಿ! ಮೇಲೆ ಹಾರಿತು. ಅಲ್ಲೂ ಢಿಕ್ಕಿ! ಸಿಟ್ಟು ನೆತ್ತಿಗೇರಿ ಮೊದಲ ಸಲ ಬಾಯಿ ಬಿಟ್ಟಿತು. "ಗುಂಯ್! ಬಾಗಿಲೆಲ್ಲಿ? ಗುಂಯ್! ಬಾಗಿಲೆಲ್ಲಿ?"

"ಅಕ್ಕಾ, ಅದು ಅಳ್ತಿದೆ ಕಣೇ!" ಸೋಮಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನೀಲವ್ವ ಮನೆಮನೆಗೂ ಪರದೆ ಹೆಣೆದಳು, ಜ್ವರ ಬಂದವರಿಗೂ, ಬರದವರಿಗೂ. ಚಳಿಜ್ವರ ಕೇರಿ ಬಿಟ್ಟಿತು. ಸೋಮಿಯ ಗಂಡ ಎದ್ದು ಗಂಜಿ ಕುಡಿದ. ಸೋಮಿಗೆ ಗುಂಡುಗುಂಡನೆಯ ಹೆಣ್ಣುಮಗು ಹುಟ್ಟಿತು.

ಸೊಳ್ಳೆಯ ಸಿಟ್ಟು ಮಾತ್ರ ಇವತ್ತಿಗೂ ಇಳಿದಿಲ್ಲ ಮಗೂ. ಅದಕ್ಕೇ ನೀನು ಪರದೆಯೊಳಗೆ ಮಲಗಿದಾಗ ಅದು ಹೊರಗೆ ಸುತ್ತುತ್ತಾ ಸುತ್ತುತ್ತಾ ನಿನ್ನ ಕಿವಿಯ ಹತ್ತಿರ ಗುಂಯ್ ಎನ್ನುವುದು.