ಹೊಟ್ಟೆ ಉಬ್ಬಿದ ಮೀನುಮರಿಗಳು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಅಡುಗೆಯವರು ಗದರಿದ್ದು ಒಂದೇ ಮಾತು. ಅಂಥ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅಷ್ಟಕ್ಕೇ ನನ್ನ ಗೆಳೆಯ ಮಠವನ್ನೇ ಬಿಟ್ಟು ಹೋದನಲ್ಲ, ಏಕೆ?"

ಗುರುಗಳು ಈ ಕತೆ ಹೇಳಿದರು.

ಒಂದೂರಿನ ಕೆರೆ ಬೇಸಿಗೆಯಲ್ಲಿ ಬತ್ತಿ, ಅದರಲ್ಲಿದ್ದ ಮೀನುಗಳೆಲ್ಲ ಸತ್ತುಹೋದವು. ಮಳೆ ಬಂದು ಕೆರೆ ತುಂಬಿದ ಮೇಲೆ ಊರವರು ಒಬ್ಬ ಮೀನುಗಾರನನ್ನು ಕರೆದು, ಮರಿಗಳನ್ನು ಸಾಕಿಕೊಡು, ಚಳಿಗಾಲ ಕಳೆದ ಮೇಲೆ ಕೆರೆಗೆ ಬಿಡೋಣ ಎಂದರು. ಅವನು ಹೊಳೆಯಿಂದ ಮರಿಗಳನ್ನು ಹಿಡಿದು ತಂದು ಮನೆಯ ಹಿಂದಿನ ಹೊಂಡಕ್ಕೆ ಬಿಟ್ಟ.

ಚಳಿ ಬಿದ್ದರೆ ಮೀನು ಮೇವು ಮುಟ್ಟುವುದಿಲ್ಲ, ಮೈಯಲ್ಲಿ ಕೂಡಿಟ್ಟ ಕೊಬ್ಬಿನಿಂದಲೇ ದಿನ ದೂಡುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅದಕ್ಕೇ ತೌಡು, ಹಿಂಡಿ ಹಾಕುವುದರಲ್ಲಿ ಕೈ ಬಿಗಿಹಿಡಿಯಲಿಲ್ಲ. ಮರಿಗಳು ಮುಗಿಬಿದ್ದು ತಿಂದವು. ಅವುಗಳ ಹೊಟ್ಟೆ ದುಂಡಗಾಯಿತು. ನೋಡಿದವರೆಲ್ಲ ಹೊಗಳಿದರು. ಅವನಿಗೂ ಹೆಮ್ಮೆಯಾಯಿತು.

ಒಂದು ದಿನ ಕೊಕ್ಕರೆಯ ಬಾಯಿಂದ ಜಾರಿದ ಮರಿಯೊಂದು ಅಂಗಳದಲ್ಲಿ ಬಿತ್ತು. ಹೆಂಡತಿ ಅದನ್ನು ಕೊಯ್ದಳು. ಒಳಗೆ ಲಾಡಿಯಂಥ ಬಿಳಿಯ ಹುಳ ಸುತ್ತಿಕೊಂಡಿತ್ತು.

"ಇಲ್ಲಿ ನೋಡಿ. ಇದು ತಿಂದು ಉಬ್ಬಿದ ಹೊಟ್ಟೆಯಲ್ಲ" ಎಂದಳು. "ಇನ್ನೂ ನಾಲ್ಕು ಕೊಯ್ದು ನೋಡೋಣ. ಹುಳ ಹಿಡಿದು ಹೊಟ್ಟೆ ಉಬ್ಬಿದ ಮರಿಗಳನ್ನು ಬೇರೆ ಮಾಡಿದರೆ ಉಳಿದವಾದರೂ ಬದುಕಿಯಾವು."

"ಒಂದರಲ್ಲಿ ಹುಳ ಕಂಡಿತೆಂದು ಆಡುವ ಮರಿಗಳನ್ನು ಕೊಯ್ಯಲೇ? ಹೇಗೆ ತಿನ್ನುತ್ತಿವೆ ನೋಡು" ಎಂದ ಅವನು.

ಅವನಿಗೆ ಮನಸ್ಸು ಬರಲಿಲ್ಲ. ಅವು ಅವನ ಕಾಲ ಸಪ್ಪಳಕ್ಕೆ ದಡಕ್ಕೆ ಬರುತ್ತಿದ್ದ ಮರಿಗಳು. ಆದರೂ ಅವಳ ಮಾತು ಒಳಗೆ ಚುಚ್ಚುತ್ತಲೇ ಇತ್ತು. ಪಕ್ಕದೂರಿನಲ್ಲಿ ಮೀನಿನ ರೋಗ ಬಲ್ಲ ಮುದುಕನಿದ್ದ. ಅವನನ್ನು ಕೇಳಿ ಬರಬೇಕೆಂದುಕೊಂಡ. ಬಲೆ ಹೆಣೆಯುವುದಿತ್ತು, ಆಮೇಲೆ ಹಬ್ಬ ಬಂತು. ಮರಿಗಳು ಹೇಗೂ ತಿನ್ನುತ್ತಿವೆ, ನಾಳೆ ಹೋದರಾಯಿತು ಎಂದುಕೊಂಡೇ ಉಳಿದ.

ಚಳಿ ಬಿತ್ತು. ಮರಿಗಳು ಮೇವು ಬಿಟ್ಟು ತಳ ಸೇರಿದವು. ಅವು ತಿನ್ನುವುದನ್ನು ನಿಲ್ಲಿಸಿದರೂ ಒಳಗಿನ ಹುಳ ನಿಲ್ಲಿಸಲಿಲ್ಲ. ಒಂದು ಬೆಳಿಗ್ಗೆ ಕೆಲವು ಮರಿಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅವನು ಹೊಂಡದ ಮೇಲೆ ಸೋಗೆ ಹೊದಿಸಿದ, ದಡದಲ್ಲಿ ಬೆಂಕಿ ಹಾಕಿದ. ಹಿಡಿ ಹಿಡಿಯಾಗಿ ಹಿಂಡಿ ಎಸೆದ. ಹಿಂಡಿ ನೀರಿನಲ್ಲೇ ಕೊಳೆಯಿತು. ದಿನ ಬೆಳಗಾದರೆ ತೇಲುವ ಮರಿಗಳು ಹೆಚ್ಚುತ್ತ ಹೋದವು.

ಕೊನೆಗೆ ಅವನೇ ಕತ್ತಿ ತಂದು, ಸತ್ತ ಮರಿಗಳನ್ನು ಒಂದೊಂದಾಗಿ ಕೊಯ್ದ. ಎಲ್ಲದರಲ್ಲೂ ಹುಳವಿತ್ತು. ಕೊಬ್ಬಿನ ಎಳೆಯೂ ಇರಲಿಲ್ಲ. ತಾನು ಹಾಕಿದ ಮೇವು ಯಾರನ್ನು ಸಾಕಿತು ಎಂಬುದು ಆಗ ತಿಳಿಯಿತು. ಕತ್ತಿ ಹಿಡಿದುಕೊಂಡೇ ಕುಳಿತುಬಿಟ್ಟ.

ಚಳಿಗಾಲ ಕಳೆದು ಊರವರು ಬಂದಾಗ ಉಳಿದಿದ್ದ ಮರಿಗಳು ಒಂದು ಕೊಡದಲ್ಲಿ ಹಿಡಿಸಿದವು. ಅವರು ಬೈಯಲಿಲ್ಲ. "ಈ ಸಲ ಚಳಿ ವಿಪರೀತ, ನಿನ್ನಿಂದ ಏನು ಮಾಡಲಾಗುತ್ತಿತ್ತು" ಎಂದು ಸಮಾಧಾನ ಹೇಳಿದರು. ಅವನು ಹೌದೆನ್ನಲಾರದೆ ಹೆಂಡತಿಯ ಕಡೆ ನೋಡಿದ. ಅವಳು ಕೊಡವನ್ನೆತ್ತಿ ಊರವರ ಕೈಗೆ ಕೊಟ್ಟಳು. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಅವನಿಗೆ.

ಶಿಷ್ಯ ಕೇಳಿದ: "ಹಾಗಾದರೆ ಅಡುಗೆಯವರ ಮಾತು ಆ ಚಳಿಯಂತೆ. ಆದರೆ ಹುಳ ಇದ್ದದ್ದು ಹೊಟ್ಟೆಯೊಳಗೆ. ಹೊರಗಿನವರಿಗೆ ಅದು ಹೇಗೆ ತಿಳಿಯಬೇಕು, ಗುರುಗಳೇ?"

ಗುರುಗಳು ಹೇಳಿದರು: "ಇಷ್ಟು ದಿನವೂ ನಿನ್ನ ಗೆಳೆಯನ ಪಕ್ಕದಲ್ಲಿ ಕುಳಿತು ಉಂಡವನು ನೀನು."