ಮಂಕಾಳಿಯ ಸುಣ್ಣದ ಗೆರೆ

ಬಹಳ ಹಿಂದಿನ ಮಾತು. ಹೊಳೆ ಹೋಗಿ ಕಡಲಿಗೆ ಬೀಳುವ ಕಡೆ ಒಂದು ಊರು. ಅಲ್ಲಿ ಮಂಕಾಳಿ ಅಂತ ಒಬ್ಬಳಿದ್ದಳಂತೆ. ಚಿಪ್ಪಿ ಸುಟ್ಟು ಸುಣ್ಣ ಮಾಡುವವಳು. ಮದ್ದೂ ಕೊಡುತ್ತಿದ್ದಳು. ಅವಳನ್ನು ನೋಡಿದವರು ಯಾರೂ ಉಳಿದಿಲ್ಲ. ಕೇಳಿದವರು ಇದ್ದೇವೆ.

ಆ ಊರಿಗೆ ಹೊಳೆಯ ಉಪ್ಪು ನೀರೇ ಮದ್ದು. ಚಿಪ್ಪಿ ತಾಗಿ ಕಾಲು ಕೊಯ್ದರೆ ಅಲ್ಲೇ ಅದ್ದಿ ತೊಳೆಯುವುದು. ಹೆಚ್ಚಿನ ಗಾಯ ಮಾಯುತ್ತಿತ್ತು. ಒಂದೊಂದು ಮಾಯುತ್ತಿರಲಿಲ್ಲ. ಗಾಯ ಅಕ್ಕಿಕಾಳಿನಷ್ಟು, ನೋವು ಆಳೆತ್ತರ. ಬೆಳಿಗ್ಗೆ ಕೆಂಪು, ಮಧ್ಯಾಹ್ನ ಕಪ್ಪು ಬೊಬ್ಬೆ, ಆಮೇಲೆ ಚಟ್ಟ. ಹೊಳೆ ಮುನಿಯಿತು ಅಂತ ಜನ ಹಣ್ಣುಕಾಯಿ ಮಾಡುತ್ತಿದ್ದರು. ಮಂಕಾಳಿಗೆ ಅದು ಸಾಲಲಿಲ್ಲ. ಮುನಿಸಾದರೆ ಬೇಸಿಗೆಯಲ್ಲೇ ಏಕೆ? ನೀರು ಬೆಚ್ಚಗಾದಾಗಲೇ ಏಕೆ? ಮಡಕೆಯಲ್ಲಿ ಹೊಳೆನೀರು ತುಂಬಿ, ಎದುರು ಕೂತು ನೋಡುತ್ತಿದ್ದಳಂತೆ. ಎಂತದೂ ಕಾಣುತ್ತಿರಲಿಲ್ಲ. ಮತ್ತೆ ನೋಡುತ್ತಿದ್ದಳಂತೆ.

ಒಂದು ಬೇಸಿಗೆ ದೋಣಿಯ ಜಟ್ಟು ಕುಂಟುತ್ತ ಅವಳ ಅಂಗಳಕ್ಕೆ ಬಂದ. ಬಿದಿರಿನ ಗಳ ಊರಿ ಅವನು ಕಾಲು ಒತ್ತಿದರೆ ತುಂಬಿದ ದೋಣಿ ಹೊಳೆ ದಾಟುತ್ತಿತ್ತು. ಆ ಕಾಲಿನ ಮೇಲೆ ಅವನಿಗೆ ಬಹಳ ಜಂಬ. ಅದೇ ಪಾದಕ್ಕೆ ಚಿಪ್ಪಿ ತಾಗಿತ್ತು. ಹೊಳೆಯಲ್ಲಿ ತೊಳೆದಿದ್ದ.

“ಇಷ್ಟು ಗಾಯಕ್ಕೆ ಇಷ್ಟು ನರಳಾಟ! ಹೆರಿಗೆ ನೋವು ಬಂದಿದ್ರೆ ಎಂತ ಮಾಡ್ತಿದ್ರಪ್ಪ ನೀವು?” ಅಂದಳು ಜೊತೆಗೆ ಬಂದ ಹೆಂಡತಿ ದೇವಕಿ.

ಮಂಕಾಳಿ ನಗಲಿಲ್ಲ. ಕೆಂಪಿನ ಅಂಚಿಗೆ ಸುತ್ತಲೂ ಸುಣ್ಣದ ಗೆರೆ ಎಳೆದಳು. ಒಲೆಗೆ ಗಂಜಿ ಇಟ್ಟಳು.

“ಗಂಜಿ ಬೇಯೂವರೆಗೆ ಕೂತ್ಕೋ ತಮಾ. ಕೆಂಪು ಗೆರೆಯೊಳಗೇ ಇದ್ರೆ ಮದ್ದು. ದಾಟಿದ್ರೆ ಕತ್ತಿ.”

ಅವಳು ಒಲೆಯ ಹತ್ತಿರ ಹೋದಳು. ದೇವಕಿ ನೀರಿಗೆ ಹೋದಳು. ಜಟ್ಟು ಒಬ್ಬನೇ ಕಾಲು ನೋಡುತ್ತ ಕೂತ. ಉಬ್ಬರದ ನೀರು ಮರಳು ಏರುವ ಹಾಗೆ ಕೆಂಪು ಏರಿತು. ಗೆರೆ ದಾಟಿತು. ಒಂಟಿಕಾಲಿನವನ ದೋಣಿಗೆ ಯಾರು ಹತ್ತುತ್ತಾರೆ? ಅವನು ಗೆರೆ ಒರೆಸಿದ. ಸುಣ್ಣದ ಬಟ್ಟಲಿಗೆ ಬೆರಳು ಅದ್ದಿ, ಮೇಲೆ ಇನ್ನೊಂದು ಎಳೆದ.

ಮಂಕಾಳಿ ಬಂದಳು. ಕೆಂಪು ಗೆರೆಯೊಳಗೇ ಇತ್ತು. ಬಗ್ಗಿ ಗೆರೆಯನ್ನು ಮುಟ್ಟಿದಳು. ಬೆರಳಿಗೆ ಸುಣ್ಣ ಹತ್ತಿತು. ಗಂಜಿ ಬೆಂದಿತ್ತು, ಗೆರೆ ಇನ್ನೂ ಹಸಿ.

ಬೈಯಲಿಲ್ಲವಂತೆ. “ನಂಗೆ ಮೋಸ ಮಾಡೂಕೆ ನಿಂಗೆ ಬಂತು. ಆ ಕೆಂಪಿಗೆ ಮೋಸ ಮಾಡೂಕೆ ಬತ್ತದಾ ತಮಾ? ಅದು ಎಂತದು ಅಂತ ನಂಗೂ ಗೊತ್ತಿಲ್ಲ. ನಿಲ್ಲೂದಿಲ್ಲ, ಅಷ್ಟು ಗೊತ್ತು.”

ಜಟ್ಟು ಬೆರಳಿನ ಸುಣ್ಣ ಒರೆಸಿಕೊಂಡ. ಆಮೇಲೆ ಕಾಲು ಚಾಚಿದ. ಸುಣ್ಣದ ಬಟ್ಟಿಯಲ್ಲಿ ಕತ್ತಿ ಕೆಂಪಾಯಿತು. ದೇವಕಿ ಅವನ ತಲೆಯನ್ನು ಮಡಿಲಲ್ಲಿ ಅವುಚಿ ಹಿಡಿದಳಂತೆ. ಮೊಣಕಾಲಿನ ಕೆಳಗೆ ಕಾಲು ಹೋಯಿತು. ಜಟ್ಟು ಉಳಿದ. ಗಳ ಬಿಟ್ಟು, ಕೂತು ಹುಟ್ಟು ಹಾಕಿದ. ಜನ ಹತ್ತಿದರು.

ಮಂಕಾಳಿ ಗೆರೆ ಎಳೆದರೆ ಕಡಲೂ ನಿಲ್ಲುತ್ತಿತ್ತು ಅನ್ನುತ್ತಾರೆ. ಸುಳ್ಳು. ಗೆರೆ ಏನನ್ನೂ ನಿಲ್ಲಿಸಲಿಲ್ಲ. ತೋರಿಸಿತು. ಅವಳು ಸಾಯುವ ತನಕ ಮಡಕೆಯ ನೀರು ನೋಡುತ್ತಲೇ ಇದ್ದಳಂತೆ, ಗಾಯ ಹೊಳೆಯಲ್ಲಿ ತೊಳೆಯಬೇಡಿ ಅನ್ನುತ್ತಲೇ ಇದ್ದಳಂತೆ.

ಈಗಲೂ ಆ ಊರಿನವರು ಗಾಯವನ್ನು ಹೊಳೆಯಲ್ಲಿ ತೊಳೆಯುವುದಿಲ್ಲ. ಚಿಪ್ಪಿಗೆ ಹೋಗುವಾಗ ಕುದಿಸಿ ಆರಿಸಿದ ನೀರು ಬುತ್ತಿಯ ಜೊತೆ ಹೋಗುತ್ತದೆ. ಗಾಯ ಕೆಂಪಾದರೆ ಸುಣ್ಣದ ಗೆರೆ ಎಳೆದು, ಆಸ್ಪತ್ರೆಗೆ ಹೊರಡುತ್ತಾರೆ. ದಾರಿಯುದ್ದಕ್ಕೂ ಒಬ್ಬರು ರೋಗಿಯ ಎರಡೂ ಕೈ ಹಿಡಿದಿರುತ್ತಾರೆ.

ಏಕೆ ಅಂತ ಕೇಳಿದರೆ ಧೈರ್ಯಕ್ಕೆ ಅನ್ನುತ್ತಾರೆ. ಇರಬಹುದು. ಜಟ್ಟುವಿನ ಕೈ ಅಂದು ಯಾರೂ ಹಿಡಿದಿರಲಿಲ್ಲ.